ಮನಿ ಮಾರೋ ಹಂಗಾಮು

ಕಳೆದ ದೀಪಾವಳಿಗೆ ಜಮಖಂಡಿಗೆ ಹೋದಾಗ ಅಪ್ಪ ಪೇಪರಿನಿಂದ ತಲೆ ಎತ್ತದೇ ಒಂದು ಮಾತು ಹೇಳಿದ. "ತಮ್ಮಾ, ಈ ಮನಿ ಕೊಟ್ಟು ಊರಿಗೆ ಹೋಗೂಣು ಅಂತ ಮಾಡೀನಿ."

ಊರು ಅಂದ್ರೆ ಬೀಳಗಿ ತಾಲೂಕಿನ ನಮ್ಮ ಊರು. ಹಳೇ ಊರು ಆಲಮಟ್ಟಿ ಹಿನ್ನೀರಿನ ಒಳಗಿದೆ. ಅಪ್ಪ ಹೇಳಿದ್ದು ಪುನರ್ವಸತಿ ಕೇಂದ್ರದ ಬಗ್ಗೆ. ಅಲ್ಲಿ ಕಾಕಾ ಇದ್ದಾನೆ, ನಾಲ್ಕು ಮಂದಿ ಹಳೇ ಗೆಳೆಯರಿದ್ದಾರೆ, ಕಟ್ಟೆ ಇದೆ. ಜಮಖಂಡಿ ಹೊರವಲಯದ ಈ ಬಡಾವಣೆಯಲ್ಲಿ ಇಪ್ಪತ್ತೈದು ವರ್ಷ ಇದ್ದರೂ ಅಪ್ಪನಿಗೆ ಕೂಡಲು ಒಂದು ಕಟ್ಟೆ ಸಿಗಲಿಲ್ಲ. ಎಲ್ಲರ ಮನೆಗೂ ಕಂಪೌಂಡು, ಎಲ್ಲರ ಗೇಟಿಗೂ ಚಿಲಕ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಯಾವುದೇ ಪ್ರಶ್ನೆ ಬಂದರೂ ಮೊದಲು ಎಕ್ಸೆಲ್ ತೆಗೆಯೋದು ನಮ್ಮ ಜಾತಿಯ ಗುಣ. ಆ ರಾತ್ರಿಯೇ ತೆಗೆದೆ. ಮನೆ ಮಾರಲು ಯಾವ ತಿಂಗಳು ಒಳ್ಳೇದು? ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬರೋದು ಪೂರ್ತಿ ಅಮೆರಿಕದ ಬುದ್ಧಿವಾದ. ಅಲ್ಲಿ ಹಿಮ ಕರಗಿ ಹೂ ಬಿಡುವ ಏಪ್ರಿಲ್-ಮೇ ಒಳ್ಳೆ ಕಾಲವಂತೆ. ಅಂಗಳ ಹಸಿರಾಗಿ ಕಾಣುತ್ತೆ, ಮಕ್ಕಳ ಶಾಲೆ ಮತ್ತೆ ಶುರುವಾಗೋದರೊಳಗೆ ಕೊಂಡವರು ಮನೆ ಬದಲಿಸಬಹುದು. ನಮ್ಮಲ್ಲಿ ಏಪ್ರಿಲ್-ಮೇದಲ್ಲಿ ಮನೆ ನೋಡಲು ಬಂದವನಿಗೆ ಕಾಣೋದು ಒಣಗಿದ ಬೋರು ಮತ್ತು ಗೋಡೆಯ ಬಿರುಕು. ಅದರ ಕಥೆ ಮುಂದೆ ಹೇಳ್ತೀನಿ.

ಮರುದಿನ ನಮ್ಮ ಓಣಿಯ ಏಜೆಂಟನಿಗೆ ನನ್ನ ಹಾಳೆ ತೋರಿಸಿದೆ. ಆಷಾಢ ಕೆಂಪು, ಪಿತೃಪಕ್ಷ ಕೆಂಪು, ಧನುರ್ಮಾಸ ಹಳದಿ, ಶ್ರಾವಣ ಹಸಿರು, ದೀಪಾವಳಿ ಪಾಡ್ಯ ದಟ್ಟ ಹಸಿರು. ಅವನು ನಕ್ಕ. "ಇಂಜಿನಿಯರ್ ಸಾಹೇಬ್ರ, ಬಣ್ಣ ಭಾಳ ಚಲೋ ಹಚ್ಚೀರಿ. ಖರೆ, ಇಲ್ಲಿ ಮಂದಿ ಪಂಚಾಂಗ ಆಮ್ಯಾಲೆ ನೋಡ್ತಾರ. ಮೊದಲು ಬಿಲ್ಲು ಬಂದೈತಿಲ್ಲ ನೋಡ್ತಾರ."

ಬಿಲ್ಲು ಅಂದ್ರೆ ಕಬ್ಬಿನ ಬಿಲ್ಲು. ಆ ಮಾತು ತಲೆಯಲ್ಲಿ ಕೂತಿತು. ಮನೆ ಕೊಳ್ಳೋ ಹಂಗಾಮು ಅಂದ್ರೆ ಊರಿನ ಕೈಗೆ ರೊಕ್ಕ ಬರೋ ಹಂಗಾಮು. ಹಾಗಾದರೆ ಕಬ್ಬು ಬರೋ ಮುಂಚೆ ಈ ಸೀಮೆಯ ಕೈಗೆ ರೊಕ್ಕ ಯಾವಾಗ ಬರ್ತಿತ್ತು?

ನಮ್ಮದು ಎರಿ ಭೂಮಿ, ಮಳೆ ಕಡಿಮೆ. ಕಾಲುವೆ ಬರೋ ಮೊದಲು ಹಿಂಗಾರಿ ಜೋಳವೇ ಗತಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಬಿಳಿಜೋಳ ಫೆಬ್ರವರಿ-ಮಾರ್ಚಿಗೆ ರಾಶಿಯಾಗುತ್ತಿತ್ತು. ರಾಶಿ ಮುಗಿದು ಯುಗಾದಿ ಬಂತು ಅಂದ್ರೆ ವರ್ಷದ ಲೆಕ್ಕ. ಆಳಿನ ಲೆಕ್ಕ, ಸಾಲದ ಲೆಕ್ಕ, ಲಗ್ನದ ಮಾತು ಎಲ್ಲ ಆವಾಗಲೇ. ಮನೆ ಕೊಡು-ಕೊಳ್ಳುವುದೂ ಯುಗಾದಿಯಿಂದ ಬಸವ ಜಯಂತಿವರೆಗಿನ ಆ ತಿಂಗಳಲ್ಲೇ ಆಗೋದು ಅಂತ ಅಜ್ಜ ಹೇಳುತ್ತಿದ್ದ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಹಳೇ ಮನೆಗಳೆಲ್ಲ ಮ್ಯಾಳಗಿ ಮನೆ, ಮಣ್ಣಿನ ಮಾಳಿಗೆ. ಮಳೆ ಹಿಡಿಯೋ ಮೊದಲು ಮ್ಯಾಲೆ ಕರ್ಲಮಣ್ಣು ಹಾಕಿ ಗಟ್ಟಿ ಮಾಡಬೇಕು. ಆಷಾಢದಲ್ಲಿ ಮನೆ ಕೊಂಡವನು ಮಣ್ಣು ಯಾವಾಗ ಹಾಕಬೇಕು? ಸೋರುವ ಮಾಳಿಗೆ ಕೆಳಗೆ ಗೃಹಪ್ರವೇಶ ಮಾಡ್ಯಾನು ಅಷ್ಟೇ. ಆಷಾಢ ಕೆಟ್ಟದ್ದು ಅನ್ನೋ ನಂಬಿಕೆಯ ಹಿಂದೆ ಬೇರೆ ಏನೇನಿದೆಯೋ, ನಮ್ಮ ಕಡೆ ಮಾಳಿಗೆ ಮಣ್ಣು ಒಂದಿಷ್ಟು ಇದ್ದೇ ಇದೆ ಅಂತ ನನ್ನ ಗುಮಾನಿ.

ಪ್ಯಾಟಿಯ ವ್ಯಾಪಾರಸ್ಥರ ವರ್ಷ ಬೇರೆ. ಮುಂಬೈ ಪ್ರಾಂತದ ರೂಢಿಯಂತೆ ಅವರ ಹೊಸ ಖಾತೆ ಕಿರ್ದಿ ಶುರುವಾಗೋದು ದೀಪಾವಳಿ ಪಾಡ್ಯಕ್ಕೆ. ಹಾಗಾಗಿ ಅಂಗಡಿಕಾರರ ಮನೆ ವ್ಯವಹಾರ ದೀಪಾವಳಿಗೆ, ಒಕ್ಕಲಿಗರದು ಯುಗಾದಿಗೆ. ಒಂದೇ ಊರಲ್ಲಿ ಎರಡು ಹೊಸ ವರ್ಷ, ಎರಡು ಹಂಗಾಮು.

ಇದು ಬೆಳೆ ಬಂದ ವರ್ಷದ ಮಾತು. ಬರ ಬಂದರೆ ಹಂಗಾಮು ತಿರುಗಿ ನಿಲ್ತದೆ. 1876-78ರ ದೊಡ್ಡ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ (ಮುಂದೆ 1880ರ ದಶಕದಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋಗಿ ಅದೇ ಹೆಸರಾಯಿತು) ಎಷ್ಟು ಸೊರಗಿತು ಅಂದ್ರೆ, 1872ರ ಮತ್ತು 1881ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಸಿದಿತ್ತು. ಅಂಥ ವರ್ಷದಲ್ಲಿ ಎಲ್ಲರೂ ಮಾರುವವರೇ. ಕೊಳ್ಳುವವನು ಒಬ್ಬನೋ ಇಬ್ಬರೋ, ಅವನೂ ಸಾಲ ಕೊಟ್ಟವನೇ ಆಗಿರುತ್ತಿದ್ದ. ಒಳ್ಳೆ ವರ್ಷದಲ್ಲೂ ಸಣ್ಣ ಒಕ್ಕಲಿಗನಿಗೆ ಪುರುಸೊತ್ತು ಇರಲಿಲ್ಲ. ಕಂದಾಯದ ಕಂತು ಬೀಳೋದು ಸುಗ್ಗಿಯ ಬೆನ್ನಿಗೆ, ಜೋಳದ ದರ ಕೆಳಗೆ ಬಿದ್ದಿರುವಾಗ. ರಾಶಿ ಮಾಡಿದ ವಾರದಲ್ಲೇ ಮಾರಬೇಕಾದವನಿಗೂ, ಹಗೇವಿನಲ್ಲಿ ಜೋಳ ಹಾಕಿಟ್ಟು ಶ್ರಾವಣದವರೆಗೆ ಕಾಯಬಲ್ಲವನಿಗೂ ಬೆಳೆ ಒಂದೇ, ಬೆಲೆ ಬೇರೆ.

ಇನ್ನು ನಮ್ಮ ನಾಲ್ಕು ತಾಲೂಕುಗಳ ನಕ್ಷೆ. ಇವತ್ತು ಬಸ್ಸಿನಲ್ಲಿ ಕೂತರೆ ಅರ್ಧ ದಿನದಲ್ಲಿ ನಾಲ್ಕೂ ಮುಗಿಸಬಹುದು. 1948ರ ಮಾರ್ಚಿಗೆ ಮುಂಚೆ ಅದು ನಾಲ್ಕು ಸರ್ಕಾರಗಳ ಪ್ರಯಾಣ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ಬೀಳಗಿ ಬ್ರಿಟಿಷರದು. ರಬಕವಿ-ಬನಹಟ್ಟಿಯ ಕಥೆ ಇನ್ನೂ ಚಂದ. ಇವತ್ತು ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತೆ ಅಂತ ಹೊಸಬರಿಗೆ ತಿಳಿಯದಷ್ಟು ಕೂಡಿಕೊಂಡ ಈ ಎರಡು ಊರುಗಳಲ್ಲಿ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಸಾಂಗ್ಲಿ ಸಂಸ್ಥಾನದ್ದು. ಒಂದು ಊರಿನ ಮನೆ ಮಾರಿ ಪಕ್ಕದ ಊರಲ್ಲಿ ಮನೆ ಕೊಂಡರೆ ರಾಜ್ಯವೇ ಬದಲಾಗುತ್ತಿತ್ತು. ಪಟವರ್ಧನರ ಕಚೇರಿಗಳ ಬರವಣಿಗೆ ಮರಾಠಿ, ಅದೂ ಮೋಡಿ ಲಿಪಿಯಲ್ಲಿ. ಈಗಲೂ ಈ ಕಡೆಯ ಹಳೇ ಮನೆಗಳ ಟ್ರಂಕಿನಲ್ಲಿ ಮೋಡಿ ಕಾಗದ ಸಿಗುತ್ತವೆ. ಓದಬಲ್ಲವರು ತೀರ ಕಮ್ಮಿ. ಮನೆ ಮಾರಲು ಒಳ್ಳೆ ತಿಂಗಳು ಹುಡುಕುವ ಮುಂಚೆ ಮೋಡಿ ಓದುವ ಅಜ್ಜನನ್ನು ಹುಡುಕಬೇಕಾದ ಕುಟುಂಬಗಳನ್ನು ನಾನೇ ಕಂಡಿದ್ದೇನೆ.

ರಬಕವಿ-ಬನಹಟ್ಟಿಯಲ್ಲಿ ಮನೆ ಅಂದ್ರೆ ಮಗ್ಗ. ಮೊದಲು ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಕೈಮಗ್ಗ, ಕರೆಂಟು ಬಂದ ಮೇಲೆ ವಿದ್ಯುತ್ ಮಗ್ಗ. ಅಲ್ಲಿ ಮನೆ ನೋಡಲು ಬಂದವನು ಬೆಡ್‌ರೂಮು ಎಷ್ಟು ಅಂತ ಕೇಳೋದು ಆಮೇಲೆ. ಮೊದಲ ಪ್ರಶ್ನೆ, ಎಷ್ಟು ಮಗ್ಗ ಕೂಡ್ತಾವು, ತ್ರೀ ಫೇಸ್ ಐತೇನು. ನೇಕಾರನ ರೊಕ್ಕದ ಹಂಗಾಮು ಲಗ್ನದ ಹಂಗಾಮಿನ ಜೊತೆ ನಡೆಯುತ್ತೆ. ಸೀರೆ ಮಾರಾಟ ಏರುವ ಮಾಘದಿಂದ ವೈಶಾಖದವರೆಗೆ ಮನೆಯೊಳಗೆ ರಾತ್ರಿ ಹಗಲು ಟಕಟಕ. ಆಷಾಢದಲ್ಲಿ ಮಗ್ಗ ನಿಂತರೆ ಓಣಿಗೆ ಓಣಿಯೇ ಕಿವುಡಾದ ಹಾಗೆ. ನೇಕಾರ ಮನೆ ಮಾರುವ ಪ್ರಸಂಗ ಬರೋದು ಹೆಚ್ಚಾಗಿ ಆ ನಿಂತ ತಿಂಗಳುಗಳಲ್ಲಿ, ಕೊಳ್ಳುವವರೇ ಇಲ್ಲದಾಗ. ಮಾರಿದರೆ ಮನೆಯ ಜೊತೆ ಕೆಲಸವೂ ಹೋಗುತ್ತೆ. ನನ್ನ ಜೊತೆ ಪಿಯುಸಿ ಓದಿದ ಗೆಳೆಯನೊಬ್ಬನ ತಂದೆ ಹಾಗೆ ಮಾರಿದರು. ಮೂರು ತಿಂಗಳು ತಡೆದಿದ್ದರೆ ಎರಡು ಲಕ್ಷ ಜಾಸ್ತಿ ಬರ್ತಿತ್ತು ಅಂತ ಅವನು ಈಗಲೂ ಹೇಳ್ತಾನೆ. ಆ ಮೂರು ತಿಂಗಳು ಏನು ತಿನ್ನಬೇಕಿತ್ತು ಅಂತ ನಾನು ಕೇಳಿಲ್ಲ. ಅವನಿಗೂ ಗೊತ್ತಿದೆ.

ಕಬ್ಬು ಈ ಪಂಚಾಂಗವನ್ನೆಲ್ಲ ತಿರುವಿ ಹಾಕಿತು. ಘಟಪ್ರಭಾ ಎಡದಂಡೆ ಕಾಲುವೆ ಮುಧೋಳದ ಕಡೆ ನೀರು ತಂದಿತು. ಜಮಖಂಡಿ ಕಡೆಯ ದೊಡ್ಡ ತಿರುವು ಅಂದ್ರೆ 1989. ಕೃಷ್ಣಾ ದಂಡೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು, ಚಿಕ್ಕಪಡಸಲಗಿ ಹತ್ತಿರ ನದಿಗೆ ಬ್ಯಾರೇಜು ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಮಳೆಗಾಲದಲ್ಲಿ ಸೊಕ್ಕಿ ಹರಿದು ಬ್ಯಾಸಿಗೆಯಲ್ಲಿ ಮರಳು ತೋರಿಸುತ್ತಿದ್ದ ನದಿಯಲ್ಲಿ ನೀರು ನಿಂತಿತು. 1991ರ ಲೋಕಸಭಾ ಚುನಾವಣೆಯಲ್ಲಿ ಇದೇ ನ್ಯಾಮಗೌಡರು ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. 'ಬ್ಯಾರೇಜ್ ಸಿದ್ದು' ಅನ್ನೋ ಹೆಸರು ಕೊನೆತನಕ ಉಳಿಯಿತು.

ನೀರು ನಿಂತಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆ, ಕಾರ್ಖಾನೆ ಹಿಂದೆ ಹೊಸ ಲೇಔಟು. ಜೋಳದ ಹೊಲಗಳು ಎನ್‌ಎ ಆಗಿ, ಸುಣ್ಣದ ಗೆರೆ ಎಳೆದು, 30×40ರ ಪ್ಲಾಟುಗಳಾದವು. ಹಳ್ಳಿಯ ಕಬ್ಬಿನವನು ಮಕ್ಕಳ ಇಂಗ್ಲಿಷ್ ಮೀಡಿಯಂ ಶಾಲೆಗಂತ ಜಮಖಂಡಿಯಲ್ಲೋ ಮುಧೋಳದಲ್ಲೋ ಒಂದು ಮನೆ ಮಾಡಿದ. ನಮ್ಮ ಬಡಾವಣೆಯ ಅರ್ಧ ಮನೆಗಳ ಹುಟ್ಟು ಹೀಗೆ.

ಕಬ್ಬಿನ ಹಂಗಾಮು ದಸರಾ-ದೀಪಾವಳಿ ಹಿಂದೆ ಮುಂದೆ ಶುರುವಾಗಿ ಮಾರ್ಚಿನ ಆಸುಪಾಸು ಮುಗಿಯುತ್ತೆ. ಕಬ್ಬು ಕಳಿಸಿದ 14 ದಿನದೊಳಗೆ ರೈತನಿಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತೆ. ಆದೇಶ ಓದಿದ ರೈತರು ಎಷ್ಟೋ ಇದ್ದಾರೆ, 14ನೇ ದಿನ ಬಿಲ್ಲು ನೋಡಿದವರನ್ನು ಹುಡುಕಬೇಕು. ಎಕರೆಗೆ 40 ಟನ್, ಟನ್ನಿಗೆ 3 ಸಾವಿರ ಹಿಡಿದರೆ ಎಕರೆಗೆ 1.2 ಲಕ್ಷ. ಇದರಲ್ಲಿ ಗೊಬ್ಬರ, ಬೀಜ, ನೀರು, ಸೊಸೈಟಿ ಸಾಲ ಎಲ್ಲ ಕಳೆಯಬೇಕು. ಮೂವತ್ತೆಂಟು ಲಕ್ಷದ ಮನೆ ಕೊಳ್ಳುವವನು ಒಂದೇ ಬಿಲ್ಲಿಗೆ ಕೊಳ್ಳಲಾರ. ಎರಡು ಹಂಗಾಮಿನ ಬಿಲ್ಲು, ಹೆಂಡತಿಯ ಬಂಗಾರ, ಬ್ಯಾಂಕಿನ ಸಾಲ ಕೂಡಿಸುತ್ತಾನೆ. ಅದಕ್ಕೇ ನಮ್ಮಲ್ಲಿ ಮಾತು ಮುಗಿಯೋದು ದೀಪಾವಳಿಗೆ, ಸಂಚಕಾರ ಬೀಳೋದು ಮೊದಲ ಬಿಲ್ಲಿಗೆ, ಖರೇದಿ ಆಗೋದು ಫೆಬ್ರವರಿಯಿಂದ ಯುಗಾದಿಯೊಳಗೆ. ಜೋಳದ ಕಾಲದ ಯುಗಾದಿ ಹೊಸ ಬೆಳೆಯ ಕೈಹಿಡಿದು ಹಾಗೇ ಉಳಿದುಕೊಂಡಿದೆ.

(ಸಂಚಕಾರ ಅಂದಾಗ ನೆನಪಾಯ್ತು. ಆಫೀಸಿನಲ್ಲಿ ಮೈಸೂರಿನ ಗೆಳೆಯನಿಗೆ "ನಮ್ಮ ಮನಿಗೆ ಸಂಚಕಾರ ಬಂತು" ಅಂತ ಖುಷಿಯಿಂದ ಹೇಳಿದೆ. ಅವನು ಗಾಬರಿಯಾಗಿ "ಅಯ್ಯೋ, ಏನಾಯ್ತು?" ಅಂದ. ಅವರ ಕಡೆ ಅದು ಕುತ್ತು, ನಮ್ಮ ಕಡೆ ಮುಂಗಡ ಹಣ. ಕೆಲವು ವ್ಯವಹಾರಗಳಲ್ಲಿ ಎರಡೂ ಒಂದೇ.)

ಈಗ ಬಿರುಕಿನ ಕಥೆ. ಎರಿ ಮಣ್ಣು ನೀರು ಕುಡಿದಾಗ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಗಟ್ಟಿ ನೆಲ ಸಿಗೋತನಕ ಪಾಯ ತೆಗೆಯದ ಮನೆಗೆ ಮೇ ತಿಂಗಳಲ್ಲಿ ಕಿಟಕಿ ಮೂಲೆಯಿಂದ ಓರೆ ಬಿರುಕು ಬಾಯಿ ಬಿಡುತ್ತೆ, ಮಳೆ ಬಿದ್ದು ತಿಂಗಳೆರಡಾದ ಮೇಲೆ ಅದೇ ಬಿರುಕು ಕೂದಲೆಳೆಯಷ್ಟಾಗುತ್ತೆ. ದೀಪಾವಳಿಗೆ ಸುಣ್ಣಬಣ್ಣ ಆದರಂತೂ ಕಾಣೋದೇ ಇಲ್ಲ. ಮಾರುವವನಿಗೆ ದೀಪಾವಳಿ ಒಳ್ಳೇದು ಅನ್ನೋದರಲ್ಲಿ ಲಕ್ಷ್ಮಿಯ ಜೊತೆ ಈ ಮಣ್ಣಿನ ಕೈವಾಡವೂ ಇದೆ. ತಿಳಿದ ಕೊಳ್ಳುವವರು ಎರಡು ಸಲ ಬರ್ತಾರೆ. ಬ್ಯಾಸಿಗೆಯಲ್ಲಿ ಗೋಡೆ ಮತ್ತು ಬೋರು ನೋಡಲು, ಮಳೆಯಲ್ಲಿ ಮಾಳಿಗೆ ಮತ್ತು ರಸ್ತೆಯ ನೀರು ನೋಡಲು. 2019ರ ಆಗಸ್ಟಿನ ಮಹಾಪೂರದ ಮೇಲೆ ಕೃಷ್ಣೆ, ಘಟಪ್ರಭೆಯ ದಂಡೆಯ ಊರುಗಳಲ್ಲಿ ಮೂರನೇ ಪ್ರಶ್ನೆ ಸೇರಿದೆ: "ಹತ್ತೊಂಬತ್ತರಾಗ ನೀರು ಎಲ್ಲೀಮಟ ಬಂದಿತ್ರಿ?"

ಸರ್ಕಾರವೂ ಆಗಾಗ ಮುಹೂರ್ತ ಇಡುತ್ತೆ. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆ ಏರುತ್ತೆ ಅಂದಾಗ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಗುತ್ತೆ ಅಂದಾಗ, ಸಬ್‌ ರಿಜಿಸ್ಟ್ರಾರ್ ಕಚೇರಿ ಮುಂದೆ ರಾಹುಕಾಲ ನೋಡುವವರು ಯಾರೂ ಇರಲಿಲ್ಲ.

ನಮ್ಮ ಮನೆಯ ಚರಿತ್ರೆಗೆ ಬರ್ತೀನಿ. ಇಲ್ಲಿಯತನಕ ಹೇಳಿದ್ದೆಲ್ಲ ಮಾರುವವನು ಒಂದಿಷ್ಟಾದರೂ ತಿಂಗಳು ಆರಿಸಿಕೊಳ್ಳಬಹುದಾದ ಮಾರಾಟ. ಬೀಳಗಿ ತಾಲೂಕಿನ ಹೊಳೆಸಾಲಿನ ನಮ್ಮಂಥವರು ಮಾಡಿದ್ದು ಇನ್ನೊಂದು ಥರದ್ದು.

ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ ತಿಂಗಳಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ಅಪ್ಪ ಆಗ ಚಡ್ಡಿ ಹಾಕಿಕೊಂಡು ಓಡಾಡುವ ಹುಡುಗ. ಅವನಿಗೆ ಮೀಸೆ ಬಂತು, ಲಗ್ನ ಆಯ್ತು, ನಾನು ಹುಟ್ಟಿದೆ. ಅಲ್ಲಿಯತನಕವೂ ಊರು "ಇಂದಲ್ಲ ನಾಳೆ ಮುಳುಗತೈತಿ" ಅನ್ನುತ್ತಲೇ ಇತ್ತು. ಮುಳುಗುತ್ತೆ ಅಂತ ಗೊತ್ತಾದ ಊರಿನ ಮನೆಯನ್ನು ಯುಗಾದಿಗೂ ಯಾರೂ ಕೊಳ್ಳೋದಿಲ್ಲ, ದೀಪಾವಳಿಗೂ ಕೊಳ್ಳೋದಿಲ್ಲ. ಗೋಡೆ ಬಿದ್ದರೆ ಕಟ್ಟೋದೋ ಬ್ಯಾಡೋ ಅಂತ ಜನ ವರ್ಷಗಟ್ಟಲೆ ನೋಡ್ತಾ ಕೂತರು. ಕೊಳ್ಳುವವನು ಒಬ್ಬನೇ, ಸರ್ಕಾರ. ಮತ್ತು ಆ ಕೊಳ್ಳುವವನ ಕೈಯಲ್ಲಿ 1894ರ ಭೂಸ್ವಾಧೀನ ಕಾಯ್ದೆ ಇತ್ತು.

ನಾನು ವಕೀಲನಲ್ಲ, ಆದರೆ ಆ ಕಾಯ್ದೆಯನ್ನು ಕೂತು ಓದಿದ್ದೇನೆ. ಅದರ ತಿರುಳು ತಾರೀಖಿನಲ್ಲಿದೆ. ಬೆಲೆ ಕಟ್ಟೋದು ಮನೆ ಬಿಡುವ ದಿನದ್ದಲ್ಲ, ರೊಕ್ಕ ಕೊಡುವ ದಿನದ್ದೂ ಅಲ್ಲ. ಸೆಕ್ಷನ್ 4ರ ಪ್ರಾಥಮಿಕ ಅಧಿಸೂಚನೆ ಹೊರಟ ದಿನದ ಮಾರುಕಟ್ಟೆ ಬೆಲೆ. ಆ ದಿನ ಗಡಿಯಾರ ನಿಲ್ತು. ಆಮೇಲೆ ಒಂದು ಖೋಲಿ ಹೆಚ್ಚು ಕಟ್ಟಿಸಿದರೆ ಅದಕ್ಕೆ ಲೆಕ್ಕ ಇಲ್ಲ. 1984ರ ತಿದ್ದುಪಡಿಯಲ್ಲಿ ನಿಂತ ಗಡಿಯಾರಕ್ಕೆ ಒಂದಿಷ್ಟು ಎಣ್ಣೆ ಬಿಟ್ಟರು: ಅಧಿಸೂಚನೆಯಿಂದ ಐತೀರ್ಪಿನವರೆಗೆ ವರ್ಷಕ್ಕೆ ಶೇ 12 ಹೆಚ್ಚುವರಿ, ಮೇಲೆ ಶೇ 30 ಸಾಂತ್ವನ ಧನ. ಆದರೆ ಯಾವ ಬೆಲೆಯ ಮೇಲೆ ಶೇ 12? ಮುಳುಗಡೆಯ ಮಾತು ಮೂವತ್ತು ವರ್ಷದಿಂದ ತಿರುಗಾಡಿದ ಊರಲ್ಲಿ ಮಾರುಕಟ್ಟೆ ಬೆಲೆ ಅನ್ನೋದು ಏನು ಉಳಿದಿರುತ್ತೆ? ಮನೆ ಕಟ್ಟಡದ್ದು ಬೇರೆ ಲೆಕ್ಕ. ಮಣ್ಣಿನ ಗೋಡೆ, ವಯಸ್ಸು ಇಷ್ಟು, ಸವಕಳಿ ಇಷ್ಟು ಅಂತ ಕಳೆಯುತ್ತಾ ಹೋದರು. ಅಜ್ಜ ಕಟ್ಟಿಸಿದ ಮನೆ ಹಳೇದಾದಷ್ಟೂ ಅಗ್ಗ. ಅಪ್ಪ ಈಗಲೂ ಅದನ್ನು ಒಪ್ಪೋದಿಲ್ಲ. "ಅಷ್ಟು ವರ್ಷ ನಿಂತದ್ದಕ್ಕ ಹೆಚ್ಚು ಕೊಡಬೇಕಾಗಿತ್ತಲ್ಲೋ?"

ಇನ್ನೊಂದು ಸಣ್ಣ ಸಾಲು ಇತ್ತು ಆ ಕಾಯ್ದೆಯಲ್ಲಿ. ಪರಿಹಾರ ಕಡಿಮೆ ಅನ್ನಿಸಿದರೆ ಸೆಕ್ಷನ್ 18ರಡಿ ಕೋರ್ಟಿಗೆ ಹೋಗಬಹುದು. ಆದರೆ ರೊಕ್ಕ ತಗೊಳ್ಳುವಾಗಲೇ 'ತಕರಾರಿಟ್ಟು ಪಡೆದಿದ್ದೇನೆ' ಅಂತ ಹೇಳಿರಬೇಕು. ಕಾಕಾ ಯಾರದೋ ಮಾತು ಕೇಳಿ ಹಾಗೆ ಬರೆದು ರುಜು ಮಾಡಿದ. ಅಪ್ಪ ಸುಮ್ಮನೆ ರುಜು ಮಾಡಿದ. ಕಾಕಾನಿಗೆ ವರ್ಷಗಳ ಮೇಲೆ ಕೋರ್ಟಿನಿಂದ ಹೆಚ್ಚುವರಿ ಬಂತು. ಬೇರೆಯವರಿಗೆ ಕೋರ್ಟು ಹೆಚ್ಚಿಸಿದರೆ ಅದೇ ಅಧಿಸೂಚನೆಯ ಉಳಿದವರೂ ಮೂರು ತಿಂಗಳೊಳಗೆ ಅರ್ಜಿ ಹಾಕಬಹುದು ಅನ್ನೋ 28ಎ ಕೂಡ ಇತ್ತು. ಅದು ನಮಗೆ ಗೊತ್ತಾದದ್ದು ಮೂರು ತಿಂಗಳು ದಾಟಿದ ಮೇಲೆ.

ಈಗ ನೋಡಿ, ಪರಿಹಾರದ ರೊಕ್ಕ ಬಂದಾಗ ಏನಾಯ್ತು ಅಂತ. ಒಂದು ಊರಿಗೆ ಬರಲಿಲ್ಲ, ಹೊಳೆಸಾಲಿನ ಹತ್ತಾರು ಊರುಗಳಿಗೆ ಬಂತು. ಎಲ್ಲರಿಗೂ ಏಕಕಾಲಕ್ಕೆ ಸೈಟು ಬೇಕು, ಹೊಲ ಬೇಕು. ಆ ವರ್ಷ ನಮ್ಮೂರಿಗೆ ಬೈಕಿನ ಏಜೆಂಟರು, ಬಂಗಾರದವರು, ಸೈಟಿನ ದಲ್ಲಾಳಿಗಳು ಜಾತ್ರೆಗೆ ಬಂದಂತೆ ಬರುತ್ತಿದ್ದರು. ನನಗೆ ಅದು ಹಬ್ಬ, ಅವರು ಪೆಪ್ಪರ್‌ಮಿಂಟು ಕೊಡುತ್ತಿದ್ದರು. ಅಪ್ಪ ಜಮಖಂಡಿಯಲ್ಲಿ ಶ್ರಾವಣಕ್ಕೆ ನೋಡಿದ ಸೈಟಿಗೆ 60 ಸಾವಿರ ಹೇಳಿದ್ದರು. ಚೆಕ್ಕು ಕೈಗೆ ಬಂದು ದೀಪಾವಳಿಗೆ ಹೋದರೆ ಅದೇ ಸೈಟು 85 ಸಾವಿರ. ಮಾರಿದವನು ನಗುತ್ತಾ ಹೇಳಿದ್ದನಂತೆ, "ಮುಳುಗಡಿ ಮಂದಿ ಬಂದಾರಲ್ರಿ, ಈಗ ರೇಟು ಹಿಂಗೈತಿ." ಅಪ್ಪ ಅವನೆದುರು ಕೂತಿದ್ದ, ತಾನೇ ಆ ಮುಳುಗಡಿ ಮಂದಿ.

ಕೊಟ್ಟದ್ದು ಸೆಕ್ಷನ್ 4ರ ವರ್ಷದ ಬೆಲೆಗೆ, ಕೊಂಡದ್ದು ಚೆಕ್ಕು ಬಂದ ವರ್ಷದ ಬೆಲೆಗೆ. ಎರಡರ ನಡುವಿನ ಅಂತರವೇ ನಮ್ಮ ಮನೆಯ ಎರಡನೇ ಬೆಡ್‌ರೂಮು. ಅದನ್ನು ಕಟ್ಟಲಿಲ್ಲ. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಣೆಕಟ್ಟನ್ನು 519.6 ಮೀಟರಿಗೆ ನಿಲ್ಲಿಸಿತು. ಆ ವರ್ಷವೇ ನಾವು ಬಂದದ್ದು, ಟ್ರ್ಯಾಕ್ಟರಿನಲ್ಲಿ. ಸಾಮಾನಿನ ಮೇಲೆ ಹಳೇ ಮನೆಯ ಸಾಗವಾನಿ ತಲಬಾಗಿಲು, ಬಾಗಿಲ ಮೇಲೆ ನಾನು. ಬಡಾವಣೆಯ ಮನೆಗೆ ಆ ಬಾಗಿಲು ಇವತ್ತಿಗೂ ಹೊಂದಿಲ್ಲ. ಚೌಕಟ್ಟು ಎತ್ತರಕ್ಕೆ ಕಮ್ಮಿ, ಎತ್ತರದವರು ತಲೆ ಬಗ್ಗಿಸಿಯೇ ಒಳಗೆ ಬರಬೇಕು.

ಕಥೆ ಅಲ್ಲಿಗೆ ಮುಗಿದಿದ್ದರೆ ಈ ಬರಹ ಬೇಕಾಗಿರಲಿಲ್ಲ. 2010ರ ಡಿಸೆಂಬರ್‌ನಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಲು ಒಪ್ಪಿತು. ಅಂದಿನಿಂದ ಮತ್ತಷ್ಟು ಊರುಗಳು, ಬಾಗಲಕೋಟೆಯ ಉಳಿದ ಓಣಿಗಳು, ನಮ್ಮೂರು ಕಂಡ ಅದೇ ಕಾಯುವ ರೋಗದಲ್ಲಿವೆ. ಬಣ್ಣ ಹಚ್ಚೋದೋ ಬ್ಯಾಡೋ, ಮಗಳ ಲಗ್ನಕ್ಕೆ ಮನೆ ಮಾರಿದರೆ ಯಾರು ತಗೋತಾರೆ. 2013ರ ಹೊಸ ಕಾಯ್ದೆಯಲ್ಲಿ ಸಾಂತ್ವನ ಧನ ಶೇ 100 ಆಗಿದೆ, ಅಧಿಸೂಚನೆಯ ದಿನದ ಮಹಿಮೆ ಹಾಗೇ ಉಳಿದಿದೆ. 2025ರ ಸೆಪ್ಟೆಂಬರ್ 16ರಂದು ರಾಜ್ಯ ಸಚಿವ ಸಂಪುಟ ಮುಳುಗುವ ಜಮೀನಿಗೆ ಒಪ್ಪಿತ ದರ ನಿಗದಿ ಮಾಡಿತು. ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ.

ಆ ಸುದ್ದಿಯ ಮೇಲೆ ನಮ್ಮ ಏಜೆಂಟ ಲೆಕ್ಕ ಹಾಕಿದ್ದ. ನನ್ನ ಎಕ್ಸೆಲ್ ಮುಚ್ಚಿಸಿ ಅವನು ಹೇಳಿದ್ದಿಷ್ಟು. "ಈಗ ಕೊಟ್ರ ಮೂವತ್ತೆಂಟು. ಒಂದೆರಡು ವರ್ಷ ತಡೀರಿ. ಮುಳುಗಡಿ ರೊಕ್ಕ ಬಂತಂದ್ರ ಐವತ್ತಕ್ಕ ನಾ ಕೊಡಿಸ್ತೀನಿ, ಬರದು ಕೊಡ್ಲ್ಯಾ? ಆ ಮಂದಿಗೆ ಊರು ಬಿಡು ಗಡಬಡಿ ಇರ್ತೈತಿ, ಚೌಕಾಶಿ ಮಾಡಂಗಿಲ್ಲ."

ಹನ್ನೆರಡು ಲಕ್ಷ. ಬೆಂಗಳೂರಿನ ನನ್ನ ಫ್ಲ್ಯಾಟಿನ ಸಾಲದಲ್ಲಿ ನಾಲ್ಕು ವರ್ಷ ಕಡಿಮೆಯಾಗುತ್ತೆ. ಸುಳ್ಳು ಹೇಳೋದ್ಯಾಕೆ, ಮನಸ್ಸಿನಲ್ಲಿ ನಾನು ಆಗಲೇ ತಡೆದಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ, ಈಗ್ಯಾಕ ಅವಸರ, ಚಲೋ ಹಂಗಾಮು ಬರೋದೈತಿ.

ಅಪ್ಪ ರೊಟ್ಟಿ ಮುರಿಯೋದು ನಿಲ್ಲಿಸಿದ. "ಅರವತ್ತರ ಸೈಟು ಎಂಬತ್ತೈದಕ್ಕ ತಗೊಂಡಾಂವ ನಾ. ಅವನ ಮುಖ ಇನ್ನಾ ನೆನಪೈತಿ ನನಗ. ಈಗ ನನ್ನ ಮುಖ ಯಾವನೋ ನೆನಪಿಟ್ಟುಕೊಂಡು ಕುಂಡ್ರೋದು ಬ್ಯಾಡ."

ನಾನು ವಾದ ಮಾಡಿದೆ. ನಾವು ಮಾರದಿದ್ದರೆ ಪಕ್ಕದವನು ಮಾರ್ತಾನೆ, ನಮ್ಮೊಬ್ಬರಿಂದ ರೇಟು ಇಳಿಯೋದಿಲ್ಲ, ಮಾರುಕಟ್ಟೆ ಅಂದ್ರೆ ಹಿಂಗೇ. ಎಲ್ಲ ಸರಿಯಾದ ವಾದಗಳೇ. ಅವ್ವ ಮಧ್ಯೆ ಬಂದು, "ಅವ್ರು ಹೇಳಿದ್ದು ನಿನಗ ತಿಳೀಲಿಲ್ಲೇನು?" ಅಂದಳು. ತಿಳಿದಿತ್ತು. ಅದೇ ತ್ರಾಸು.

ಕೊನೆಗೆ ಕಬ್ಬಿನವನಿಗೇ ಕೊಟ್ಟೆವು. ಮುಧೋಳ ಕಡೆಯ ರೈತ, ಮಗಳ ಕಾಲೇಜಿಗಂತ ಮನೆ ಬೇಕಾಗಿತ್ತು. ಮಾತು 37ಕ್ಕೆ ಮುಗಿಯಿತು. ದೀಪಾವಳಿ ಆಗಿ ವಾರಕ್ಕೆ ಸಂಚಕಾರ ಕೊಡುತ್ತೇನೆ ಅಂದಿದ್ದ. ಅಷ್ಟರಲ್ಲಿ ಕಬ್ಬಿನ ದರದ ಹೋರಾಟ ಶುರುವಾಯ್ತು. ನವೆಂಬರ್ ಮೊದಲ ವಾರ ಸರ್ಕಾರ ಟನ್ನಿಗೆ 3,300 ಅಂದಿತು. ಮುಧೋಳದ ರೈತರು ಒಪ್ಪಲಿಲ್ಲ, ಕಾರ್ಖಾನೆಗಳು ತಡವಾದವು. ಅವನು ಫೋನ್ ಮಾಡಿ, "ಕಾಕಾರ, ನಾನೂ ಹೋರಾಟದಾಗ ಅದೀನ್ರಿ, ಕಬ್ಬು ಕಡದಿಲ್ಲ. ಹದಿನೈದು ದಿನ ನಿಲ್ರಿ" ಅಂದ. ಏಜೆಂಟನಿಗೆ ಇದು ಬಿಟ್ಟುಬಿಡಲು ಒಳ್ಳೆ ನೆಪ ಅನ್ನಿಸಿತು. ಅಪ್ಪ, "ದರ ಸಿಗೂಮಟಾ ನಿಂತಾನ, ನಾ ಹದಿನೈದು ದಿನ ನಿಲ್ಲಬಾರದೇನು?" ಅಂದ. ಇಪ್ಪತ್ತೆರಡು ದಿನಕ್ಕೆ ಬಂದ. ಐದು ಲಕ್ಷ ಕೊಟ್ಟ, ಕಾಗದ ಬರೆದೆವು, ಉಳಿದದ್ದು ಬಿಲ್ಲು ಮತ್ತು ಬ್ಯಾಂಕಿನ ಸಾಲ ಬಂದ ಮೇಲೆ, ಯುಗಾದಿಯೊಳಗೆ ಖರೇದಿ.

ಸಿಟಿಎಸ್ ಉತಾರ, ಚಕ್ಕುಬಂದಿ ಎಲ್ಲ ಬರೆದಾದ ಮೇಲೆ ಅಪ್ಪ ಒಂದು ಸಾಲು ಸೇರಿಸಲು ಹೇಳಿದ: ತಲಬಾಗಿಲು ಬಿಟ್ಟು. ಬರೆಯುವವನು ತಲೆ ಎತ್ತಿ ನೋಡಿದ. ಕೊಳ್ಳುವವನು, "ಬರೀರಿ, ನನಗೂ ಆ ಬಾಗಿಲಾ ತಲೀಗೆ ಬಡೀತೈತಿ" ಅಂದ.

ಹೋದ ಭಾನುವಾರ ಅವನು ಒಬ್ಬ ಬಡಿಗೇರನನ್ನು ಕರೆದುಕೊಂಡು ಬಂದು ಹೊಸ ಬಾಗಿಲಿಗೆ ಅಳತೆ ತಗೊಂಡು ಹೋದನಂತೆ. ಮೊದಲ ಬಿಲ್ಲು ಇನ್ನೂ ಬಂದಿಲ್ಲ.